ಬೆಳ್ಳನೆಯ ಗುಡ್ಡದ ಬಿಸಿಲು

ನಾನು ಒಮ್ಮೆಯೂ ಕಾಣದ ಒಂದು ಶಿಖರದ ಬಗ್ಗೆ ನನಗೆ ತಿಳಿದಿರುವಷ್ಟು, ಹುಟ್ಟಿ ಬೆಳೆದ ಕುರುಗೋಡಿನ ಗುಡ್ಡದ ಬಗ್ಗೆ ತಿಳಿದಿಲ್ಲ. ಅದು ಲಡಾಖಿನ ಒಂದು ಮೂಲೆಯಲ್ಲಿದೆ. ಆರು ಸಾವಿರ ಮೀಟರಿಗಿಂತ ಎತ್ತರ. ಭೂಪಟದಲ್ಲಿ ಅದಕ್ಕೆ ಹೆಸರಿಲ್ಲ. ಹೆಸರು ಇರಬೇಕಾದ ಜಾಗದಲ್ಲಿ ಎತ್ತರದ ಅಂಕಿಯೊಂದು ಇದೆ, ಅಷ್ಟೆ. ಅದರ ದಕ್ಷಿಣದ ಮೈ ಕಪ್ಪು ಬಂಡೆ. ಗಾಳಿ ಅಲ್ಲಿ ಹಿಮವನ್ನು ನಿಲ್ಲಗೊಡುವುದಿಲ್ಲ. ಉತ್ತರದ ಮೈಯ ಹಿಮ ಜುಲೈ ತಿಂಗಳಲ್ಲೂ ಪೂರ್ತಿ ಕರಗುವುದಿಲ್ಲ. ಪೂರ್ವಕ್ಕೆ ಅದು ಇಳಿಯುತ್ತ ಇಳಿಯುತ್ತ ಪಕ್ಕದ ಪರ್ವತವನ್ನು ಸೇರುವ ಕಡೆ ಒಂದು ಘಾಟಿ ಇದೆ. ಆ ಘಾಟಿಯ ಮೇಲೆ ಒಂದು ರಸ್ತೆ. ಚಳಿಗಾಲದಲ್ಲಿ ಹೂತುಹೋಗುವ ಆ ರಸ್ತೆಯ ಮೇಲಿನ ಹಿಮವನ್ನು ಬುಲ್ಡೋಜರಿನಿಂದ ತಳ್ಳುವ ಕೆಲಸ ನನ್ನ ತಮ್ಮನದಾಗಿತ್ತು.

ಆ ಶಿಖರದ ಮಾತು ಎತ್ತಿದರೆ ತಮ್ಮನ ಬಲಗಣ್ಣಿನ ಮಾತು ಬಂದೇ ಬರುತ್ತದೆ. ಆ ಕಣ್ಣು ಹೋಗಿದ್ದರಲ್ಲಿ ನನ್ನ ಪಾಲೂ ಇದೆ. ಅದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ, ಹಾಗಾಗಿ ಮೊದಲೇ ಹೇಳಿಬಿಟ್ಟೆ.

ನಾನು ಸಿರುಗುಪ್ಪದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮದುವೆಯಾಗದೆ ಉಳಿದವಳು. ಯಾಕೆ ಅಂತ ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟು ಕೊಟ್ಟು ಈಗ ಕೇಳುವವರೇ ಇಲ್ಲದಂತಾಗಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಕುರುಗೋಡಿನ ಮನೆಗೆ ಬೀಗ ಹಾಕಿ ನನ್ನ ಜೊತೆ ಇರಲು ಬಂದಳು. ತಮ್ಮ ನನಗಿಂತ ಎಂಟು ವರ್ಷಕ್ಕೆ ಚಿಕ್ಕವನು. ಓದು ತಲೆಗೆ ಹತ್ತಲಿಲ್ಲ, ಯಂತ್ರ ಹತ್ತಿತು. ಬಳ್ಳಾರಿಯ ಕೌಲ್ ಬಜಾರಿನ ಒಂದು ಗ್ಯಾರೇಜಿನಲ್ಲಿ ಉಸ್ತಾದರೊಬ್ಬರ ಕೈಕೆಳಗೆ ನಾಲ್ಕು ವರ್ಷ ಗ್ರೀಸು ಬಳಿದುಕೊಂಡು, ಆಮೇಲೆ ಸಂಡೂರಿನ ಕಡೆ ಗಣಿಗಳಲ್ಲಿ ದೊಡ್ಡ ಮಷಿನ್ ಓಡಿಸುವವನಾದ. ಗಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಮಷಿನ್‌ಗಳು ಸಾಲಾಗಿ ನಿಂತು ತುಕ್ಕು ಹಿಡಿದವು, ಓಡಿಸುವವರು ದಿಕ್ಕಿಗೊಬ್ಬರಾದರು. ಗುಡ್ಡದ ಇಳಿಜಾರಿನಲ್ಲಿ ಮಷಿನ್ ನಡೆಸಿ ಪಳಗಿದ ಕೈಗಳು ಬೇಕೆಂದು ಉತ್ತರದ ಒಬ್ಬ ಗುತ್ತಿಗೆದಾರ ನಮ್ಮ ಕಡೆಯ ಏಳೆಂಟು ಜನರನ್ನು ಕರೆದುಕೊಂಡು ಹೋದ. ಅವರಲ್ಲಿ ನನ್ನ ತಮ್ಮನೂ ಒಬ್ಬ.

ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವನ ಫೋನ್ ಬರುತ್ತಿತ್ತು. ಮೇಲಿನ ಶಿಬಿರದಲ್ಲಿ ಸಿಗ್ನಲ್ ಇರಲಿಲ್ಲ. ವಾರಕ್ಕೊಮ್ಮೆ ಡೀಸೆಲ್ ತರಲು ಕೆಳಗಿನ ಶಿಬಿರಕ್ಕೆ ಇಳಿದಾಗ ಏಳೆಂಟು ನಿಮಿಷ ಮಾತಾಡಲು ಆಗುತ್ತಿತ್ತು, ಅದೂ ನಡುನಡುವೆ ಕಡಿದುಹೋಗುತ್ತಿತ್ತು. ಅವ್ವನಿಗೆ ಕಿವಿ ಕೇಳಿಸುವುದಿಲ್ಲ. ಮೊದಮೊದಲು ಫೋನನ್ನು ಅವಳ ಕೈಗೇ ಕೊಟ್ಟು ನೋಡಿದೆವು. ಅವನು ಮಾತಾಡುವಾಗ ಇವಳೂ ಮಾತಾಡುವಳು, ಒಬ್ಬರದು ಒಬ್ಬರಿಗೆ ತಿಳಿಯದೆ, ಇರುವ ಏಳು ನಿಮಿಷವೂ ಹಾಳಾಗುತ್ತಿತ್ತು. ಆಮೇಲೆ ನಮ್ಮಲ್ಲೇ ಒಂದು ಏರ್ಪಾಡಾಯಿತು. ಅವ್ವ ನನ್ನೆದುರು ಮಣೆ ಹಾಕಿಕೊಂಡು ಕೂತು ಹೇಳಬೇಕಾದ್ದನ್ನು ನನಗೆ ಹೇಳುವಳು. ನಾನು ಫೋನಿನಲ್ಲಿ ಅವನಿಗೆ ಹೇಳುವೆ. ಅವನು ಹೇಳಿದ್ದನ್ನು ಫೋನ್ ಇಟ್ಟ ಮೇಲೆ ಅವ್ವನ ಕಿವಿಗೆ ಬಾಯಿ ಹಚ್ಚಿ ಕೂಗಿ ಹೇಳುವೆ.

ನಡುವೆ ನಿಂತವರಿಗೆ ಒಂದು ಅಧಿಕಾರ ತಾನಾಗಿಯೇ ಬಂದುಬಿಡುತ್ತದೆ. ಯಾವುದು ಹೇಳುವಂಥದ್ದು, ಯಾವುದು ಬಿಡುವಂಥದ್ದು ಅಂತ ತೂಗಿ ನೋಡುವ ಅಧಿಕಾರ. ಅದನ್ನು ನಾನು ಯಾವ ಅಳುಕೂ ಇಲ್ಲದೆ ನಡೆಸಿದೆ.

ಜೊತೆಗೆ ನನ್ನದೇ ಒಂದು ಆಸೆಯೂ ಇತ್ತು. ಇಪ್ಪತ್ತೈದು ವರ್ಷ ಗೋಡೆಗೆ ನೇತುಹಾಕಿದ ಭೂಪಟಕ್ಕೆ ಕೋಲು ತೋರಿಸಿ ಹಿಮಾಲಯ ಕಲಿಸಿದವಳು ನಾನು. ಈಗ ನನ್ನ ಸ್ವಂತ ತಮ್ಮನೇ ಅದರ ಹೆಗಲ ಮೇಲೆ ಕೂತಿದ್ದಾನೆ. ಬಿಡುತ್ತೇನೆಯೇ? ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಅವನು ಹೇಳಿದ್ದನ್ನೆಲ್ಲ ಬರೆಯತೊಡಗಿದೆ. ಬೆಳಿಗ್ಗೆ ಉಷ್ಣಾಂಶ ಎಷ್ಟು, ಗಾಳಿ ಯಾವ ಕಡೆಯಿಂದ, ಹಿಮ ಮೊಣಕಾಲಿನವರೆಗೆ ಬಿದ್ದಿತೋ ಎದೆಯವರೆಗೋ. ಅವನು ಪಾಪ, ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದ. "ಅಕ್ಕಾ, ನೀ ಮಾತಾಡಾಕ ಫೋನ್ ಮಾಡಿಸ್ತೀಯೋ ಪರೀಕ್ಷಾ ತಗೊಳ್ಳಾಕೋ?" ಅಂತ ನಗುತ್ತಿದ್ದ.

ಅವನಿಂದ ನಾನು ಕಲಿತದ್ದು ಸುಳ್ಳಲ್ಲ. ಅಲ್ಲಿ ಬೆಳಗಿನ ಹೊತ್ತು ಗಾಳಿಯೇ ಇರುವುದಿಲ್ಲ. ಹೊಗೆ ಎದ್ದರೆ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಮಧ್ಯಾಹ್ನ ಹನ್ನೆರಡು ದಾಟುತ್ತಿದ್ದಂತೆ ಘಾಟಿಯ ಪಶ್ಚಿಮದಿಂದ ಗಾಳಿ ಏಳುತ್ತದೆ. ಶಿಖರದ ತುದಿಯಿಂದ ಹಿಮದ ಪುಡಿ ಒಂದೇ ಕಡೆಗೆ ಹಾರುತ್ತದೆ. ಅದು ಉದ್ದಕ್ಕೆ ಹಾರಿದರೆ ಎರಡು ಗಂಟೆಯೊಳಗೆ ಮಷಿನ್ ಇಳಿಸಿಕೊಂಡು ಬರಬೇಕು ಅಂತ ಲೆಕ್ಕ. ಮರ ಅನ್ನುವುದು ಇಲ್ಲ, ಪೊದೆಯೂ ಇಲ್ಲ. ಘಾಟಿಯಿಂದ ಕೆಳಗೆ ಬರೀ ಜಲ್ಲಿ, ಬಂಡೆ, ಮತ್ತೆ ಜಲ್ಲಿ. ಮುಂಗಾರು ಹಿಮಾಲಯದ ಈಚೆಗೇ ನಿಂತುಬಿಡುತ್ತದೆ. ಅಲ್ಲಿಗೆ ಬೀಳುವ ಅಷ್ಟಿಷ್ಟು ಹಿಮವೂ ಚಳಿಗಾಲದಲ್ಲಿ ಪಶ್ಚಿಮದ ದೂರದ ಕಡಲಿನಿಂದ ಬರುವ ಮೋಡದ್ದು. ನಮ್ಮ ಬಳ್ಳಾರಿಯೂ ಮಳೆಯ ನೆರಳಿನ ನಾಡೇ. ಪಶ್ಚಿಮ ಘಟ್ಟ ಮಳೆಯನ್ನೆಲ್ಲ ತಾನೇ ಕುಡಿದು ನಮಗೆ ಒಣ ಗಾಳಿ ಕಳಿಸುತ್ತದೆ. ಒಂದು ಮಳೆನೆರಳಿನಿಂದ ಇನ್ನೊಂದು ಮಳೆನೆರಳಿಗೆ ಹೋಗಿದ್ದಾನೆ ನನ್ನ ತಮ್ಮ ಅಂತ ಒಂಬತ್ತನೇ ತರಗತಿಯಲ್ಲಿ ಹೇಳಿದೆ. ಸೀಮೆಸುಣ್ಣದಲ್ಲಿ ಆ ಶಿಖರದ ಸಮೋನ್ನತ ರೇಖೆಗಳನ್ನು ಅಂದಾಜಿನ ಮೇಲೆ ಬರೆದು ತೋರಿಸಿದೆ. ಹುಡುಗಿಯರು ಬಾಯಿ ಬಿಟ್ಟುಕೊಂಡು ಕೇಳಿದರು. ನನಗೆ ಹೆಮ್ಮೆಯಾಯಿತು, ಅದರಲ್ಲಿ ಮುಚ್ಚಿಡುವುದೇನಿಲ್ಲ.

ಒಮ್ಮೆ ಅವನು, "ಇಲ್ಲಿ ಬಿಸಿಲು ನಮ್ಮೂರಿನ ಬಿಸಿಲಿಗಿಂತ ಕೆಟ್ಟದೈತಿ ನೋಡಕ್ಕಾ. ಬಿಸಿಲಾಗ ನಿಂತ್ರ ಮಾರಿ ಸುಡತೈತಿ, ಮಷಿನ್ ನೆರಳಿಗೆ ಬಂದ್ರ ಹಲ್ಲು ಕಟಕಟ ಅಂತಾವ" ಅಂದ. "ಮೈನಸ್ ಇಪ್ಪತ್ತರಾಗ ಎಂಥಾ ಬಿಸಿಲೋ? ಬಳ್ಳಾರಿಯವನು ಆಡೋ ಮಾತೇನೋ ಅದು? ಹಿಮ ಎಷ್ಟು ಬಿತ್ತು ಅದನ್ನ ಹೇಳು" ಅಂದೆ. ಅದನ್ನು ಹೇಳಿದ. ಆ ವಾರದ ಪುಟದಲ್ಲಿ ಹಿಮದ ಆಳ ಇದೆ, ಬಿಸಿಲಿನ ಮಾತು ಇಲ್ಲ.

ಅವ್ವನಿಗೆ ನನ್ನ ನೋಟ್‌ಬುಕ್ಕಿನ ಮೇಲೆ ತುಂಬ ಗೌರವ. ಓದು ಬರದವಳು. ನಾನು ಬರೆಯುವಾಗ ಮಾತಾಡಿಸುತ್ತಿರಲಿಲ್ಲ. ಡಿಸೆಂಬರಿನ ಒಂದು ಭಾನುವಾರ, ಫೋನ್ ಬರಲು ಇನ್ನೂ ಹೊತ್ತಿತ್ತು, ಅವಳು ಅವರೆಕಾಯಿ ಬಿಡಿಸುತ್ತ ಕೂತವಳು ಇದ್ದಕ್ಕಿದ್ದಂತೆ ಕೇಳಿದಳು.

"ಆ ಗುಡ್ಡ ಯಾವ ಬಣ್ಣ ಐತಿ?"

"ಬೆಳ್ಳಗ" ಅಂತ ಅವಳ ಕಿವಿಯಲ್ಲಿ ಕೂಗಿದೆ.

"ಎಲ್ಲಾ ಬೆಳ್ಳಗ? ರಸ್ತೇನೂ?"

"ರಸ್ತೇನೂ. ಬರ್ಫು ಬಿದ್ದ ಮ್ಯಾಲೆ ಎಲ್ಲಾ ಬೆಳ್ಳಗ. ನೋಡಿದಲ್ಲೆಲ್ಲ ಬಿಳೀನ."

ಅವ್ವನ ಕೈ ನಿಂತಿತು. "ಹಂಗಾದ್ರ ಅವನ ಕಣ್ಣು?" ಅಂದಳು.

ಅವ್ವನ ತವರು ಬಳ್ಳಾರಿ ಪಕ್ಕದ ಮೋಕ. ಮದುವೆಗೆ ಮೊದಲು ಹತ್ತು ವರ್ಷ ಬಳ್ಳಾರಿಯ ಒಂದು ಹತ್ತಿ ಮಿಲ್ಲಿನಲ್ಲಿ ದುಡಿದವಳು, ಹತ್ತಿಯಿಂದ ಬೀಜ ಬಿಡಿಸುವ ಮಿಲ್ಲು. ಅವಳ ಕಿವಿ ತಿಂದದ್ದೂ ಅದೇ ಮಿಲ್ಲಿನ ಸದ್ದು. ಒಳಗೆ ಮಷಿನ್ ಕೆಲಸ ಇಲ್ಲದ ದಿನ ಹೆಂಗಸರನ್ನು ಅಂಗಳಕ್ಕೆ ಹಚ್ಚುತ್ತಿದ್ದರು. ತೇವ ಇರುವ ಹತ್ತಿಯನ್ನು ಅಷ್ಟಗಲ ಅಂಗಳದ ತುಂಬ ಹರವಿ ಬಿಸಿಲಿಗೆ ಒಣಗಿಸಿ ಕೈಯಾಡಿಸುವುದು. ಮೇಲೆ ಬೇಸಿಗೆಯ ಸೂರ್ಯ, ಕೆಳಗೆ ಮೊಣಕಾಲುದ್ದ ಬಿಳಿ ಹತ್ತಿ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕುಕ್ಕಿ ನೀರು ಸುರಿಯುತ್ತಿತ್ತಂತೆ. ಹೊಸದಾಗಿ ಬಂದ ಹುಡುಗಿಯರು ಮೋಡ ಕವಿದ ದಿನ ಸೆರಗು ಸರಿಸಿಬಿಡುತ್ತಿದ್ದರು, ಅವತ್ತೇ ಹೆಚ್ಚು ಕಣ್ಣು ಕೆಡಿಸಿಕೊಳ್ಳುತ್ತಿದ್ದರು. ಹಳಬರು ಕಲಿಸಿದ್ದು ಎರಡು ಉಪಾಯ. ಕಣ್ಣಿನ ಸುತ್ತ, ಕೆನ್ನೆಯ ಮೂಳೆಯವರೆಗೆ ದಪ್ಪಗೆ ಕಾಡಿಗೆ ಬಳಿದುಕೊಳ್ಳುವುದು, ಮತ್ತೆ ಕರಿ ಸೆರಗನ್ನು ಹುಬ್ಬಿನ ಕೆಳಗಿನವರೆಗೆ ಎಳೆದುಕೊಳ್ಳುವುದು. ಅಂಗಳದ ಹೆಂಗಸರು ಸಂಜೆ ಸಾಲಾಗಿ ಮನೆಗೆ ಹೊರಟರೆ ಬೀದಿಯ ಮಕ್ಕಳು ಹೆದರುತ್ತಿದ್ದರು ಅಂತ ಅವ್ವ ಹೇಳಿ ನಗುತ್ತಿದ್ದಳು.

ಆವತ್ತು ನಗಲಿಲ್ಲ. "ಬೆಳ್ಳಗಿರೋದು ಬಿಸಿಲು ನುಂಗಂಗಿಲ್ಲ, ತಿರುಗಿ ಉಗುಳತೈತಿ. ಮ್ಯಾಲಿನ ಬಿಸಿಲಿಗೆ ರುಮಾಲು ಐತಿ, ಕೆಳಗಿಂದ ಬರೋ ಬಿಸಿಲಿಗೆ ಏನೈತಿ? ಕಣ್ಣಿಗೆ ಕಾಡಿಗಿ ಹಚ್ಚಿಕೋ ಅನ್ನು. ಕರಿ ಬಟ್ಟಿ ಕಟ್ಟಿಕೋ ಅನ್ನು. ಮೋಡ ಇದ್ದರೂ ಬಿಡಬ್ಯಾಡ ಅನ್ನು" ಅಂದಳು.

ನನಗೆ ನಗು ಬಂತು. ನಮ್ಮೂರಿನವರ ಹಣೆಬರಹವೇ ಇಷ್ಟು, ಎಲ್ಲಿಗೆ ಹೋದರೂ ಬಿಸಿಲನ್ನೇ ಹುಡುಕುತ್ತಾರೆ. ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಅಂತ ತಮಾಷೆ ಮಾಡುವ ಊರು. ಮನೆಯಿಂದ ಹೊರಗೆ ಹೋಗುವವರ ಜೇಬಿಗೆ ಬಿಸಿಲು ಬಡಿಯದಿರಲಿ ಅಂತ ಉಳ್ಳಾಗಡ್ಡಿ ತುರುಕುವ ಅವ್ವಂದಿರು. ಹಿಮಾಲಯದ ನೆತ್ತಿಯ ಮೇಲೆ ಕೂತ ಮಗನಿಗೂ ಬಿಸಿಲಿನ ಔಷಧವೇ? ಎತ್ತರಕ್ಕೆ ಹೋದಂತೆ ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಷ್ಟು ಉಷ್ಣಾಂಶ ಇಳಿಯುತ್ತದೆ, ಅವನಿಗಿರುವ ಭಯ ಚಳಿಯದು, ಬಿಸಿಲಿನದಲ್ಲ ಅಂತ ಅವ್ವನಿಗೆ ಕೂಗಿ ವಿವರಿಸಿದೆ. ಅವಳು ತಲೆಯಾಡಿಸಿದಳು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಫೋನ್ ಬಂತು.

"ಹೇಳು, ಹೇಳು" ಅಂತ ಅವ್ವ ಮೊಣಕಾಲು ಅಲುಗಾಡಿಸಿದಳು.

"ಅವ್ವ ಏನಂತಾಳ?" ಅಂತ ಅವನು ಕೇಳಿದ.

"ಕಂಬಳಿ ಹೊದ್ದು ಮಲಗು ಅಂತಾಳ. ಕಾಲಿಗೆ ಬಿಸಿನೀರು ಹಾಕ್ಕೊ ಅಂತಾಳ" ಅಂದೆ. ಆಮೇಲೆ ಗಾಳಿಯ ದಿಕ್ಕು ಕೇಳಿದೆ.

ಅವಳು ಮುಂದಿನ ಭಾನುವಾರವೂ ಹೇಳಿದಳು, ಅದರ ಮುಂದಿನ ಭಾನುವಾರವೂ. ನಾನು ಪ್ರತಿಸಲ ಚಳಿಯ ಮಾತು ಸೇರಿಸಿದೆ, ಬಿಸಿಲಿನ ಮಾತು ಬಿಟ್ಟೆ. ಏಳು ನಿಮಿಷದಲ್ಲಿ ಕಾಡಿಗೆಯ ಪುರಾಣ ಹೇಳುತ್ತ ಕೂರಲೇ? ಸಂಕ್ರಾಂತಿ ಕಳೆದ ಮೇಲೆ ಅವನಿಗೊಂದು ಪಾರ್ಸಲ್ ಕಳಿಸುವುದು ಅಂತಾಯಿತು. ಅವನ ಜೊತೆಯವನೊಬ್ಬ ಕೌಲ್ ಬಜಾರಿನ ಮನೆಗೆ ರಜೆಗೆ ಬಂದಿದ್ದ, ವಾಪಸು ಹೋಗುವಾಗ ಒಯ್ಯುತ್ತೇನೆ ಅಂದಿದ್ದ. ಅವ್ವ ಮೂರು ದಿನ ಕೂತು ತಿಂಗಳಾದರೂ ಕೆಡದ ಕಟಕ ರೊಟ್ಟಿ ಮಾಡಿದಳು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಂದು ಕರಿ ಕಂಬಳಿ. ಎಲ್ಲದರ ನಡುವೆ ಬಟ್ಟೆಯಲ್ಲಿ ಸುತ್ತಿದ ಒಂದು ಸಣ್ಣ ಸ್ಟೀಲಿನ ಡಬ್ಬಿ. ಹಿತ್ತಲಲ್ಲಿ ಹರಳೆಣ್ಣೆಯ ದೀಪ ಹಚ್ಚಿ, ಅದರ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಕೂತ ಮಸಿಯನ್ನು ಬೆಣ್ಣೆಯಲ್ಲಿ ಕಲಸಿ ಅವಳೇ ಮಾಡಿದ ಕಾಡಿಗೆ.

ಆ ಪಾರ್ಸಲ್ ಬಳ್ಳಾರಿಗೆ ಮುಟ್ಟಿಸಲು ಹೊರಟವಳು ನಾನು. ಹೊರಡುವ ಮುಂಚೆ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಕಟ್ಟು ಬಿಚ್ಚಿ ಡಬ್ಬಿ ತೆಗೆದಿಟ್ಟುಕೊಂಡೆ. ಒರಟು ಗಂಡಸರ ಶಿಬಿರ. ಅಲ್ಲಿ ನನ್ನ ತಮ್ಮ ಕಾಡಿಗೆ ಡಬ್ಬಿ ಬಿಚ್ಚಿದರೆ ಅವನನ್ನು ಸುಮ್ಮನೆ ಬಿಡುತ್ತಾರೆಯೇ ಅಂತ ಯೋಚಿಸಿದೆ. ಅವನ ಮರ್ಯಾದೆ ಕಾಪಾಡಿದೆ ಅಂತಲೇ ಅಂದುಕೊಂಡೆ. ಡಬ್ಬಿಯನ್ನು ಅಲ್ಮೇರದಲ್ಲಿ ಸೀರೆಗಳ ಹಿಂದೆ ಸರಿಸಿ, ಬಸ್ಸು ಹತ್ತಿದೆ.

ಮಾರ್ಚಿನಲ್ಲಿ ಘಾಟಿ ತೆರೆಯುವ ಕೆಲಸ ಶುರುವಾಯಿತು. ಮೂರು ತಿಂಗಳ ಹಿಮ ಕೆಲವು ಕಡೆ ಎರಡಾಳು ಎತ್ತರ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಕತ್ತರಿಸಿ ಕತ್ತರಿಸಿ ಕಣಿವೆಗೆ ತಳ್ಳಬೇಕು. ತಳ್ಳಿದ ಜಾಗದಲ್ಲಿ ಮತ್ತೆ ಹೊಸ ಹಿಮ ಬೀಳುತ್ತದೆ. "ಇದೊಂದು ತಿಂಗಳು ಆಯ್ತಂದ್ರ ರಜಾ ಅಕ್ಕಾ, ಊರಿಗೆ ಬರ್ತೀನಿ" ಅಂತ ಒಂದು ಭಾನುವಾರ ಅಂದ. ಅದರ ಮುಂದಿನ ಭಾನುವಾರ ಫೋನ್ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ಅವ್ವ ಮಣೆ ಹಾಕಿಕೊಂಡು ಒಂದು ಗಂಟೆಯವರೆಗೆ ಕೂತಳು. ಹಿಮ ಹೆಚ್ಚು ಬಿದ್ದಿರಬೇಕು, ಕೆಳಗಿನ ಶಿಬಿರಕ್ಕೆ ದಾರಿ ಮುಚ್ಚಿರಬೇಕು ಅಂತ ನಾನು ಭೂಗೋಳ ಹೇಳಿದೆ.

ಬುಧವಾರ ಶಾಲೆಯಲ್ಲಿದ್ದಾಗ ಪಾರ್ಸಲ್ ಒಯ್ದವನ ಫೋನ್ ಬಂತು. "ಅಕ್ಕಾರ, ಗಾಬರಿ ಆಗಬ್ಯಾಡ್ರಿ. ಜೀವಕ್ಕೇನೂ ಆಗಿಲ್ಲ. ಅವಗ ಕಣ್ಣಿಗೆ ತ್ರಾಸಾಗೈತ್ರಿ. ಕೆಳಗ ದವಾಖಾನಿಗೆ ಹಾಕ್ಯಾರ" ಅಂದ. ಮಕ್ಕಳಿಗೆ ಏನೋ ಬರೆಯಲು ಹೇಳಿ ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿದೆ.

ನಡೆದದ್ದು ಇಷ್ಟು. ಕಪ್ಪು ಕನ್ನಡಕ ಎಲ್ಲರಿಗೂ ಕೊಟ್ಟಿದ್ದರು. ಆದರೆ ಮಷಿನ್ ಕ್ಯಾಬಿನ್ನಿನೊಳಗೆ ಉಸಿರಿಗೆ ಅದರ ಗಾಜು ಮಂಜುಗಟ್ಟುತ್ತಿತ್ತು, ಪ್ರಪಾತದ ಅಂಚು ಸರಿಯಾಗಿ ಕಾಣುತ್ತಿರಲಿಲ್ಲ. ಆವತ್ತು ದಿನವಿಡೀ ಮೋಡ. ಸೂರ್ಯನೇ ಇಲ್ಲವಲ್ಲ ಅಂತ ತಮ್ಮ ಕನ್ನಡಕ ತೆಗೆದು ಮೊಳೆಗೆ ನೇತುಹಾಕಿ, ಹೊಸ ಹಿಮದ ಮೇಲೆ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಕೆಲಸ ಮಾಡಿದ. ಸಂಜೆಗೆ ಎರಡೂ ಕಣ್ಣಲ್ಲಿ ಖಾರದ ಪುಡಿ ಎರಚಿದಂತಾಗಿ ರೆಪ್ಪೆ ತೆರೆಯಲು ಆಗಲಿಲ್ಲ. ಮೂರು ದಿನ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿದ. ಎಡಗಣ್ಣು ತಿಳಿಯಾಯಿತು, ಬಲಗಣ್ಣು ಕೆಂಪಗೇ ಇತ್ತು. ನಾಲ್ಕನೆಯ ದಿನ ಆಕಾಶ ಬಿಚ್ಚಿತು, ರಸ್ತೆ ತೆರೆಯಲೇಬೇಕು ಅಂತ ಅವಸರವಾಯಿತು, ಅವನು ಮಷಿನ್ ಹತ್ತಿದ. ಉರಿಯುತ್ತಿದ್ದ ಕಣ್ಣನ್ನು ಗ್ರೀಸಿನ ಕೈಯಲ್ಲಿ ಉಜ್ಜಿದ. ಒಂದು ವಾರದಲ್ಲಿ ಅದು ಕೀವು ತುಂಬಿತು.

ಅವನನ್ನು ಬಳ್ಳಾರಿಗೆ ಕರೆತಂದದ್ದು ಏಪ್ರಿಲಿನಲ್ಲಿ. ಸ್ಟೇಷನ್ನಿನಲ್ಲಿ ಇಳಿದವನ ಮುಖ ಸುಟ್ಟು ಕರಿ ತಿರುಗಿ, ಮೂಗಿನ ಮೇಲೆ ತೊಗಲು ಸುಲಿದಿತ್ತು. ಬಲಗಣ್ಣಿನ ಮೇಲೆ ಹತ್ತಿಯ ಪಟ್ಟಿ. ಕಣ್ಣಿನ ದವಾಖಾನೆಯಲ್ಲಿ ವಯಸ್ಸಾದ ಡಾಕ್ಟರೊಬ್ಬರು ಬಹಳ ಹೊತ್ತು ನೋಡಿದರು. ಕರಿಗುಡ್ಡೆಯ ಮೇಲೆ ಬಿಳಿ ಕಲೆ ನಿಂತುಬಿಟ್ಟಿದೆ ಅಂದರು. ನಮ್ಮ ಜನ ಅದಕ್ಕೆ ಕಣ್ಣಿಗೆ ಹೂ ಬೀಳುವುದು ಅನ್ನುತ್ತಾರೆ. ಬೆಳಕು ಕತ್ತಲೆ ಗೊತ್ತಾಗುತ್ತದೆ, ಮನುಷ್ಯರ ಮುಖ ಗೊತ್ತಾಗುವುದಿಲ್ಲ, ದೊಡ್ಡ ಮಷಿನ್ ಇನ್ನು ಓಡಿಸುವ ಹಾಗಿಲ್ಲ ಅಂದರು. ನಾನು ಟೀಚರ್ ಅಂತ ಗೊತ್ತಾಗಿ ಕಾರಣವನ್ನೂ ತಾಳ್ಮೆಯಿಂದ ವಿವರಿಸಿದರು. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಬಿಸಿಲಿನ ಕೆಟ್ಟ ಕಿರಣಗಳನ್ನು ತಡೆಯುವುದಿಲ್ಲ. ಹೊಸ ಹಿಮ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಮೋಡ ಇದ್ದರೂ ಆ ಕಿರಣಗಳು ಬರುತ್ತವೆ, ಜನ ಅದನ್ನು ನಂಬುವುದಿಲ್ಲ.

ಅವರು ಹೇಳಿದ್ದರಲ್ಲಿ ನನಗೆ ಹೊಸದೇನೂ ಇರಲಿಲ್ಲ. ಹಿಮವು ಸೂರ್ಯನ ಬೆಳಕಿನ ಬಹುಭಾಗವನ್ನು ಪ್ರತಿಫಲಿಸುತ್ತದೆ ಅನ್ನುವ ವಾಕ್ಯವನ್ನು ನಾನು ಎಷ್ಟೋ ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆ. ಒಂದು ಅಂಕದ ಪ್ರಶ್ನೆಯಾಗಿ ಕೊಟ್ಟೂ ಇದ್ದೆ. ಅದೇ ಮಾತನ್ನು ಅವ್ವ ಹತ್ತಿಯ ಅಂಗಳದಿಂದ ತಂದು ನನ್ನೆದುರು ಇಟ್ಟಾಗ ಗುರುತು ಹಿಡಿಯಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನೇ. ಡಾಕ್ಟರ ಎದುರು ಕೂತು ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಸಿರುಗುಪ್ಪಕ್ಕೆ ಕರೆದುಕೊಂಡು ಬಂದೆ. ಅವ್ವ ಅಳಲಿಲ್ಲ. ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಪಟ್ಟಿಯ ಮೇಲೆ ಬೆರಳಿಟ್ಟು ನೋಡಿದಳು. ಕೂಡಿಸಿದಳು, ನೀರು ಕೊಟ್ಟಳು. ಅವನು ನೀರು ಕುಡಿದು ಮುಗಿಸುವವರೆಗೆ ಕಾದು ಕೇಳಿದಳು.

"ಕಾಡಿಗಿ ಹಚ್ಚಿಕೊಂಡಿದ್ದೇನೋ? ಅಕ್ಕನ ಕೈಲಿ ವಾರ ವಾರ ಹೇಳಿಸಿದ್ನಲ್ಲ. ಡಬ್ಬಿನೂ ಕಳಿಸಿದ್ದೆ."

ತಮ್ಮ ಒಂದೇ ಕಣ್ಣಿನಿಂದ ನನ್ನ ಕಡೆ ನೋಡಿದ. ಅವನಿಗೆ ಯಾವ ಕಾಡಿಗೆ, ಯಾವ ಡಬ್ಬಿ ಅನ್ನುವುದು ಗೊತ್ತೇ ಇರಲಿಲ್ಲ. ನನ್ನ ಮುಖ ನೋಡಿ ತಿಳಿದುಕೊಂಡ. ಎದ್ದು ಅವ್ವನ ಹತ್ತಿರ ಹೋಗಿ ಅವಳ ಕಿವಿಗೆ ಬಾಯಿಟ್ಟು, "ಅಕ್ಕ ಹೇಳಿದ್ಲವ್ವಾ. ಡಬ್ಬಿನೂ ಮುಟ್ಟಿತ್ತು. ನಾನ ನಾಚಿಕಿ ಬಿದ್ದು ಹಚ್ಚಿಕೊಳ್ಳಲಿಲ್ಲ. ತಪ್ಪು ನಂದು" ಅಂದ.

ಅವ್ವ ಅವನಿಗೆ ಬೈದಳು. ನಾಚಿಕೆಗೆ ಕಣ್ಣು ಕೊಟ್ಟು ಬಂದೆಯಾ ಅಂದಳು, ಹೆತ್ತವಳ ಮಾತು ಅಷ್ಟು ಹಗುರಾಯಿತೇ ಅಂದಳು. ಅವನು ತಲೆ ತಗ್ಗಿಸಿಕೊಂಡು ಎಲ್ಲ ಕೇಳಿದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ.

ಒಂದು ವಾರ ಬಿಟ್ಟು, ಡಾಕ್ಟರಿಗೆ ಮತ್ತೆ ತೋರಿಸಲು ಬಳ್ಳಾರಿಗೆ ಹೋಗುವಾಗ ಬಸ್ಸಿನಲ್ಲಿ ತಮ್ಮನಿಗೆ ಎಲ್ಲವನ್ನೂ ಹೇಳಿದೆ. ಹತ್ತಿ ಅಂಗಳ, ಮೋಡದ ದಿನದ ಮಾತು, ಅಲ್ಮೇರದಲ್ಲಿ ಅಡಗಿಸಿದ ಡಬ್ಬಿ. ಅವನು ಕಿಟಕಿಯ ಹೊರಗೆ ಭತ್ತದ ಗದ್ದೆ ನೋಡುತ್ತ ಕೂತಿದ್ದ. "ಕಾಡಿಗಿಯಿಂದ ಕಣ್ಣು ಉಳೀತಿತ್ತೇನು, ನಂಗೇನು ಗೊತ್ತಕ್ಕಾ" ಅಂದ. ಆಮೇಲೆ, "ನೀವು ಚಳಿಗೆ ಹೇಳಿದ್ದೆಲ್ಲಾ ಮಾಡಿದೆ. ಒಂದು ದಿನಾನೂ ಕಾಲುಚೀಲ ಇಲ್ಲದ ಮಲಗಲಿಲ್ಲ. ಅವ್ವ ಮೋಡ ಇದ್ದರೂ ಕಣ್ಣು ಮುಚ್ಚಿಕೋ ಅಂದಾಳ ಅಂದಿದ್ರ, ಆ ಕನ್ನಡಕ ತೆಗೀತಿದ್ದಿಲ್ಲೋ ಏನೋ" ಅಂದ. ಸಿಟ್ಟಿನಿಂದ ಅನ್ನಲಿಲ್ಲ. ಸಿಟ್ಟಿನಿಂದ ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವ್ವನಿಗೆ ಮಾತ್ರ ಹೇಳಬೇಡ, ಈ ವಯಸ್ಸಿನಲ್ಲಿ ಅವಳಿಗೆ ಮಗಳ ಮೇಲೂ ಬೇಜಾರು ಯಾಕೆ ಅಂತ ಕೇಳಿಕೊಂಡ. ಆಗಲಿ ಅಂತ ಮಾತು ಕೊಟ್ಟೆ.

ಈಗ ಅವನು ಸಿರುಗುಪ್ಪದ ಹತ್ತಿರದ ಕರೂರಿನಲ್ಲಿ ಭತ್ತ ಕೊಯ್ಯುವ ಮಷಿನ್‌ಗಳ ರಿಪೇರಿ ಮಾಡುತ್ತಾನೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಾನೆ. ನಟ್ಟು ಬೋಲ್ಟು ಬೆರಳಿನಲ್ಲೇ ಗುರುತಾಗುತ್ತವೆ, ತೊಂದರೆಯಿಲ್ಲ ಅನ್ನುತ್ತಾನೆ. ಆದರೆ ಮೆಟ್ಟಿಲು ಇಳಿಯುವಾಗ ಕಾಲಿನಿಂದ ತಡವಿ ಇಳಿಯುತ್ತಾನೆ, ಲೋಟಕ್ಕೆ ನೀರು ಹಾಕುವಾಗ ಹೊರಗೆ ಚೆಲ್ಲುತ್ತಾನೆ. ಅವನು ಚೆಲ್ಲಿದಾಗಲೆಲ್ಲ ಅವ್ವ, "ಮಾತು ಕೇಳಿದ್ರ ಹಿಂಗಾಗ್ತಿತ್ತೇನು" ಅಂತ ಗೊಣಗುವಳು. ಅವನು, "ಹೌದವ್ವಾ" ಅನ್ನುವನು. ಒಂದು ವರ್ಷ ಈ ಮಾತನ್ನು ನಾನು ಕೇಳಿದೆ. ನೋಟ್‌ಬುಕ್ಕು ಮೇಜಿನ ಮೇಲೆಯೇ ಇತ್ತು, ಅದರಲ್ಲಿ ಮತ್ತೆ ಏನನ್ನೂ ಬರೆಯಲಿಲ್ಲ. ಆ ವರ್ಷ ಒಂಬತ್ತನೇ ತರಗತಿಗೆ ಹಿಮಾಲಯದ ಪಾಠವನ್ನು ಇನ್ನೊಬ್ಬ ಟೀಚರಿಗೆ ಬಿಟ್ಟುಕೊಟ್ಟೆ.

ಹೋದ ಬೇಸಿಗೆ, ಒಂದು ಬೆಳಿಗ್ಗೆ ಅವನು ಬಸ್ಸಿಗೆ ಹೋದ ಮೇಲೆ, ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಅವತ್ತೂ ಚಹಾ ಚೆಲ್ಲಿದ್ದ, ಅವಳು ಅವತ್ತೂ ಗೊಣಗಿದ್ದಳು. ನನಗೆ ಸಾಕಾಗಿ ಹೋಯಿತು. ತಮ್ಮನಿಗೆ ಕೊಟ್ಟ ಮಾತು ಮುರಿದು, ಅವಳ ಪಕ್ಕ ಕೂತು, ಕಿವಿಗೆ ಬಾಯಿ ಹಚ್ಚಿ ಹೇಳಿದೆ.

"ಅವ್ವಾ, ಅವನ್ನ ಬೈಬ್ಯಾಡ. ನಾ ಅವಗ ಹೇಳೇ ಇಲ್ಲ. ಕಾಡಿಗಿ ಮಾತು ಒಂದಿನಾನೂ ಹೇಳಿಲ್ಲ. ಡಬ್ಬಿನೂ ನಾನ ತೆಗೆದಿಟ್ಟೆ."

ಅವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ತಿರುವಿ ಹಾಕಿದಳು.

"ಗೊತ್ತೈತಿ" ಅಂದಳು.

ನನಗೆ ಅರ್ಥವಾಗಲಿಲ್ಲ. ಅವಳಿಗೆ ಬೇರೇನೋ ಕೇಳಿಸಿರಬೇಕು ಅಂತ ಮತ್ತೆ ಬಾಗಿದೆ. ಅವಳು ಕೈ ಅಡ್ಡ ಮಾಡಿದಳು.

"ಮಿಲ್ಲಿನ್ಯಾಗ ಮಷಿನ್ ಸಪ್ಪಳಕ್ಕ ಒಬ್ಬರ ಮಾತು ಒಬ್ಬರಿಗೆ ಕೇಳತಿದ್ದಿಲ್ಲ. ಹತ್ತು ವರ್ಷ ತುಟಿ ನೋಡೇ ಮಾತಾಡೀನಿ. ನೀ ಫೋನಿನ್ಯಾಗ ಕಂಬಳಿ ಅಂದಿ. ಬಿಸಿನೀರು ಅಂದಿ. ಕಾಡಿಗಿ ಅನ್ನಲಿಲ್ಲ. ನಿನ್ನ ಮುಂದ ಕುಂತು ನೋಡತಿದ್ನಲ್ಲ. ಪಾರ್ಸಲ್ ಹೋದ ಮ್ಯಾಲೆ ಆ ಡಬ್ಬಿನೂ ನಿನ್ನ ಸೀರಿ ಹಿಂದ ಕಂಡೆ."

ಆ ಭಾನುವಾರಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. "ಮತ್ತ ಅವ ಸುಳ್ಳು ಹೇಳಿದಾಗ?" ಅಂತ ಕೇಳಿದೆ. ಕೂಗಲಿಲ್ಲ, ಬರೀ ತುಟಿಯಾಡಿಸಿದೆ. ಅವಳಿಗೆ ತಿಳಿಯಿತು.

"ನೀನ ಬಾಯಿ ಬಿಡ್ತಿ ಅಂತ ಕೇಳಿದ್ದೆ. ಅವ ನಿನ್ನ ಉಳಿಸಾಕ ಹೇಳಿದ. ನಾ ಅವನ ಮಾತು ಉಳಿಸಾಕ ಬೈದೆ."

"ಆವಾಗ ಯಾಕ ಸುಮ್ಮನಿದ್ದಿ ಅವ್ವಾ? ನನ್ನ ಕೈಯಾಗಿನ ಫೋನ್ ಕಸಗೊಂಡು ನೀನ ಹೇಳಬೇಕಿತ್ತಲ್ಲ!" ನನಗೆ ಅಳು ತಡೆಯಲು ಆಗಲಿಲ್ಲ. ಅವಳ ಮೇಲೆಯೇ ಸಿಟ್ಟಾದಂತೆ ಕೂಗಿದೆ.

ಅವ್ವ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡು, ನನ್ನ ಕಣ್ಣನ್ನೇ ನೋಡಿದಳು.

"ನೀ ಓದಿದಾಕಿ. ಆ ಗುಡ್ಡದ್ದು ಪುಸ್ತಕ ತುಂಬ ಬರಕೊಂಡಾಕಿ. ನನ್ನ ಮಾತು ಬಿಡ್ತಾಳಂದ್ರ ಅಲ್ಲಿ ಬಿಸಿಲಿನ ಭಯ ಇಲ್ಲ ಅಂತ ಇಕಿಗೆ ಖಾತ್ರಿ ಇರಬೇಕು ಅಂದ್ಕೊಂಡೆ. ಅದನ್ನ ತಿಳಕೊಂಡು, ಡಬ್ಬಿ ಕಂಡ ದಿನದಿಂದ ನಾ ಚಿಂತಿ ಮಾಡೋದು ಬಿಟ್ಟೆ."